ನೆಲದ ಮೇಲೆ ಚೆನ್ನಾಗಿ ಓಡುವ ಪೆಟ್ರೋಲ್ ಎಂಜಿನ್ ಆಕಾಶದಲ್ಲಿ ಯಾಕೆ ನಿಲ್ಲುತ್ತದೆ?

ಪ್ರಶ್ನೆ: ನಾನು ಉಡುಪಿಯವನು. ಕೆಲವು ವರ್ಷಗಳಿಂದ ಗ್ಲೋ ಎಂಜಿನ್‌ನ (ಮೆಥನಾಲ್ ಇಂಧನದಲ್ಲಿ ಓಡುವಂಥದ್ದು) ಆರ್‌ಸಿ ವಿಮಾನ, ಅಂದರೆ ರೇಡಿಯೋದಿಂದ ನಡೆಸುವ ಮಾದರಿ ವಿಮಾನ, ಹಾರಿಸುತ್ತಿದ್ದೇನೆ. ಈಗ ಮೊದಲ ಸಲ ಪೆಟ್ರೋಲ್ ಎಂಜಿನ್‌ಗೆ ಕೈ ಹಾಕಿದೆ. ಬೆಂಗಳೂರಿನ ಗೆಳೆಯರೊಬ್ಬರು ಬಳಸಿದ್ದ 30 ಸಿಸಿ ಎಂಜಿನ್ ತಗೊಂಡು, 80 ಇಂಚು ರೆಕ್ಕೆಯ ಬಾಲ್ಸಾ ಮರದ ವಿಮಾನಕ್ಕೆ ಕೂರಿಸಿದೆ. ‘ಸೂಜಿ (ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಪ್ರಮಾಣ ಹೊಂದಿಸುವ ಸ್ಕ್ರೂ) ಎಲ್ಲ ಸೆಟ್ ಆಗಿದೆ, ಮುಟ್ಟಬೇಡಿ’ ಅಂದಿದ್ದರು. ಕೌಲ್ (ಎಂಜಿನ್ ಮುಚ್ಚುವ ಕವಚ) ಬಿಚ್ಚಿ ನೆಲದ ಮೇಲೆ ಓಡಿಸಿದರೆ ಏನೂ ತೊಂದರೆ ಇಲ್ಲ. ಕೌಲ್ ಹಾಕಿ ಹಾರಿಸಿದರೆ ಮೂರ್ನಾಲ್ಕು ನಿಮಿಷಕ್ಕೆ ಶಕ್ತಿ ಇಳಿಯುತ್ತಾ ಬಂದು ನಿಂತೇ ಹೋಗುತ್ತದೆ. ಎರಡು ಸಲ ಎಂಜಿನ್ ಇಲ್ಲದೆ ಗದ್ದೆಗೆ ಇಳಿಸಿದೆ. ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಥ್ರಾಟಲ್ ಒಮ್ಮೆಲೇ ಕೊಟ್ಟರೆ ತಡವರಿಸುತ್ತದೆ ಕೂಡ. ಸೂಜಿ ತಿರುಗಿಸಿ ನೋಡಿದೆ, ಸರಿಹೋಗಲಿಲ್ಲ. ಎಂಜಿನ್ನೇ ಹಾಳಾಗಿದೆಯಾ? ಪೆಟ್ರೋಲ್ ಬಂಕ್‌ನಲ್ಲಿ ಸಿಗುವ 2ಟಿ ಆಯಿಲ್ ಹಾಕಬಹುದಾ?

ಉತ್ತರ: ಎಂಜಿನ್ ಹಾಳಾಗಿಲ್ಲ ಅಂತಲೇ ನನಗೆ ಅನಿಸುತ್ತದೆ. ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಆಗುವ ಎಂಜಿನ್‌ಗೆ ಕಂಪ್ರೆಷನ್ ಇದೆ, ಕಿಡಿ ಇದೆ, ಪೆಟ್ರೋಲೂ ಬರುತ್ತಿದೆ. ತೊಂದರೆ ಇರುವುದು ನೀವು ಅದನ್ನು ಕೂರಿಸಿದ ಜಾಗದಲ್ಲಿ. ನಿಮ್ಮ ಪ್ರಶ್ನೆಯಲ್ಲೇ ಮೂರು ಸುಳಿವು ಇವೆ: ಕೌಲ್ ಹಾಕಿದಾಗ ಮಾತ್ರ, ಮೂರ್ನಾಲ್ಕು ನಿಮಿಷ ಆದ ಮೇಲೆ, ಹತ್ತು ನಿಮಿಷ ಬಿಟ್ಟರೆ ಸರಿ. ಇದು ಶಾಖದ ಲಕ್ಷಣ. ಅದರ ಜೊತೆಗೆ ಸೂಜಿ ಲೀನ್ ಆಗಿರುವ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬಿಡದಿರುವ ಸಾಧ್ಯತೆ ಜಾಸ್ತಿ. ಅದಕ್ಕೆ ಕಾರಣ ನಿಮ್ಮ ಗೆಳೆಯರು ಸುಳ್ಳು ಹೇಳಿದ್ದಲ್ಲ, ಎಂಜಿನ್ ಬೆಂಗಳೂರಿಂದ ಕರಾವಳಿಗೆ ಇಳಿದಿದ್ದು. ಅದನ್ನು ಮುಂದೆ ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ಕೋರಿಕೆ. ಸ್ಕ್ರೂಡ್ರೈವರ್ ಕೆಳಗಿಡಿ. ಗಾಳಿ, ಪೆಟ್ರೋಲ್ ದಾರಿ, ಕಿಡಿ ಈ ಮೂರೂ ಸರಿ ಇವೆ ಅಂತ ಖಾತ್ರಿಯಾಗುವ ತನಕ ಸೂಜಿ ಮುಟ್ಟಬೇಡಿ. ಗ್ಲೋ ಎಂಜಿನ್‌ನಿಂದ ಬಂದವರಿಗೆಲ್ಲ ಇದೊಂದು ಅಭ್ಯಾಸ, ಏನಾದರೂ ಆದರೆ ಕೈ ಸೀದಾ ಸೂಜಿಗೆ ಹೋಗುತ್ತದೆ. ಗ್ಲೋದಲ್ಲಿ ಅದು ನಡೆಯುತ್ತಿತ್ತು, ಯಾಕೆಂದರೆ ಹವೆ ಬದಲಾದರೆ ಸೂಜಿಯೂ ಬದಲಾಗಬೇಕಿತ್ತು. ಪೆಟ್ರೋಲ್ ಎಂಜಿನ್‌ನ ಸೂಜಿ ಒಂದೇ ಊರಲ್ಲಿ ಒಂದೇ ಇಂಧನಕ್ಕೆ ಒಮ್ಮೆ ಸೆಟ್ ಆದರೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ನಿನ್ನೆ ಸರಿ ಇದ್ದದ್ದು ಇವತ್ತು ಕೆಟ್ಟಿದ್ದರೆ ಕೆಟ್ಟದ್ದು ಸೂಜಿಯಲ್ಲ, ಬೇರೆ ಏನೋ.

ಎಂಜಿನ್ ಹೇಗೆ ನಿಲ್ಲುತ್ತದೆ ಅನ್ನುವುದನ್ನು ಕಿವಿಗೊಟ್ಟು ಕೇಳಿ. ಸ್ವಿಚ್ ಆಫ್ ಮಾಡಿದ ಹಾಗೆ ಒಂದೇ ಕ್ಷಣದಲ್ಲಿ ಸದ್ದಡಗಿದರೆ ಇಗ್ನಿಷನ್ ಕಡೆ ನೋಡಬೇಕು: ಬ್ಯಾಟರಿ, ಸ್ವಿಚ್, ಕನೆಕ್ಟರ್, ಪ್ಲಗ್ ಕ್ಯಾಪ್. ಸದ್ದು ಒಮ್ಮೆ ಏರಿ, ತೆಳ್ಳಗಾಗಿ, ಆಮೇಲೆ ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ. ಪೈಪ್‌ನಲ್ಲಿ ಗಾಳಿ ಗುಳ್ಳೆ, ಕ್ಲಂಕ್ (ಟ್ಯಾಂಕ್ ಒಳಗಿನ ಪೈಪ್ ತುದಿಯ ತೂಕದ ಗುಂಡು) ಮುಂದೆ ಹೋಗಿ ಸಿಕ್ಕಿಕೊಂಡಿರುವುದು, ವೆಂಟ್ (ಟ್ಯಾಂಕ್‌ಗೆ ಗಾಳಿ ಬರುವ ಪೈಪ್) ಕಟ್ಟಿರುವುದು ಇಂಥವು. ಸದ್ದು ನಿಧಾನಕ್ಕೆ ಇಳಿಯುತ್ತಾ, ಥ್ರಾಟಲ್ ಕೊಟ್ಟರೂ ಏಳದೆ, ಸುಸ್ತಾದಂತೆ ನಿಂತರೆ ಅದು ಬಿಸಿ. ನೀವು ‘ಶಕ್ತಿ ಇಳಿಯುತ್ತಾ ಬಂದು’ ಅಂದಿದ್ದೀರಿ. ಆ ಒಂದು ಮಾತಿನಿಂದ ಅರ್ಧ ಕೆಲಸ ಆಯಿತು.

ಇಂಥದೇ ಕೌಲ್‌ನೊಳಗೆ ಗ್ಲೋ ಎಂಜಿನ್ ಯಾಕೆ ಇಷ್ಟು ಬಿಸಿಯಾಗುವುದಿಲ್ಲ? ಗ್ಲೋ ಇಂಧನದಲ್ಲಿ ಮುಖ್ಯವಾಗಿ ಇರುವುದು ಮೆಥನಾಲ್. ಅದು ಆವಿಯಾಗುವಾಗ, ಅಷ್ಟೇ ತೂಕದ ಪೆಟ್ರೋಲ್ ಹೀರುವುದಕ್ಕಿಂತ ಸುಮಾರು ಮೂರು ಪಟ್ಟು ಶಾಖ ಹೀರಿಕೊಳ್ಳುತ್ತದೆ. ಅಷ್ಟೇ ಗಾಳಿಗೆ ಎರಡು ಪಟ್ಟಿಗಿಂತ ಜಾಸ್ತಿ ಇಂಧನವೂ ಬೇಕು. ಅದರ ಮೇಲೆ ಎಣ್ಣೆ ಬೇರೆ ಧಾರಾಳ. ಹೀಗೆ ಗ್ಲೋ ಎಂಜಿನ್ ಒಳಗಿನಿಂದಲೇ ತಣ್ಣಗಾಗುತ್ತದೆ. ಪೆಟ್ರೋಲ್ ಎಂಜಿನ್‌ಗೆ ಆ ಸೌಲಭ್ಯ ಇಲ್ಲ. ಸಿಲಿಂಡರ್‌ನ ಸುತ್ತಲಿನ ತೆಳು ಲೋಹದ ರೆಕ್ಕೆಗಳ (ಫಿನ್) ಮೇಲೆ ಹಾದು ಹೋಗುವ ಗಾಳಿಯೇ ಅದಕ್ಕೆ ಆಧಾರ. ‘ಹಾದು ಹೋಗುವ’ ಅನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ. ಕೌಲ್‌ನ ಮುಂದೆ ದೊಡ್ಡ ಬಾಯಿ ಇದ್ದರೆ ಸಾಲದು. ಗಾಳಿಗೆ ಸುಲಭದ ದಾರಿ ಸಿಕ್ಕರೆ ಅದು ಸಿಲಿಂಡರ್ ಪಕ್ಕದಿಂದ ನುಸುಳಿ ಹಿಂದಕ್ಕೆ ಹೋಗಿಬಿಡುತ್ತದೆ, ರೆಕ್ಕೆಗಳ ಸಂದಿಗೆ ಹೋಗುವುದೇ ಇಲ್ಲ.

ಮಾಡಬೇಕಾದದ್ದು ಎರಡು ಕೆಲಸ. ಮೊದಲನೆಯದು, ಗಾಳಿ ಹೊರಹೋಗುವ ಜಾಗವನ್ನು ಒಳಬರುವ ಜಾಗದ ಎರಡರಿಂದ ಮೂರು ಪಟ್ಟು ಮಾಡುವುದು. ಬಿಸಿಯಾದ ಗಾಳಿ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ಹೊಗೆ ಹೋಗಲು ದಾರಿ ಇಲ್ಲದ ಅಡುಗೆಮನೆಗೆ ಎಷ್ಟು ಬಾಗಿಲು ತೆರೆದರೇನು ಪ್ರಯೋಜನ? ಸ್ಕೇಲ್ ಹಿಡಿದು ಅಳೆಯಿರಿ. ಮುಂದಿನ ತೆರವು 25 ಚದರ ಸೆಂಟಿಮೀಟರ್ ಇದ್ದರೆ ಹಿಂದೆ ಕೆಳಗಡೆ 50ರಿಂದ 75 ಬೇಕು. ಕೌಲ್‌ನ ಕೆಳಭಾಗ ಕತ್ತರಿಸಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ಕತ್ತರಿಸಿ. ಆ ತೆರವಿನ ಮುಂದಿನ ಅಂಚಿಗೆ ಒಂದು ಸಣ್ಣ ತುಟಿ ಹೊರಗೆ ಬಾಗಿರುವಂತೆ ಅಂಟಿಸಿದರೆ ಹಾರುವಾಗ ಅದು ಒಳಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ.

ಎರಡನೆಯದು ಬ್ಯಾಫಲ್, ಅಂದರೆ ಕೌಲ್ ಒಳಗೆ ಹಾಕುವ ಅಡ್ಡ ಗೋಡೆ. ಮುಂದಿನ ಬಾಯಿಂದ ಬಂದ ಗಾಳಿಗೆ ಸಿಲಿಂಡರ್ ಬಿಟ್ಟು ಬೇರೆ ದಾರಿಯೇ ಇರಬಾರದು. ಮದುವೆ ಕರೆಯೋಲೆಯ ಗಟ್ಟಿ ಕಾಗದ ಮನೆಯಲ್ಲಿ ಇದ್ದೇ ಇರುತ್ತದೆ. ಅದರಲ್ಲಿ ಮೊದಲು ಅಚ್ಚು ಕತ್ತರಿಸಿ. ಕೌಲ್‌ನ ಒಳಗೋಡೆಗೆ ಒಂದು ಅಂಚು ತಾಗಬೇಕು, ಇನ್ನೊಂದು ಅಂಚು ಸಿಲಿಂಡರ್ ರೆಕ್ಕೆಗಳಿಂದ 5–6 ಮಿಲಿಮೀಟರ್ ದೂರ ನಿಲ್ಲಬೇಕು. ಎಂಜಿನ್ ನಡುಗುತ್ತದೆ, ಕೌಲ್ ಅಷ್ಟಾಗಿ ನಡುಗುವುದಿಲ್ಲ, ಆದ್ದರಿಂದ ತಾಗುವಷ್ಟು ಹತ್ತಿರ ಬೇಡ. ಅಚ್ಚು ಸರಿಯಾಗಿ ಕೂತ ಮೇಲೆ ತೆಳು ಪ್ಲೈವುಡ್‌ನಲ್ಲಿ ಕತ್ತರಿಸಿ, ಎಪಾಕ್ಸಿಯಿಂದ ಕೌಲ್‌ಗೆ ಅಂಟಿಸಿ, ಎರಡೂ ಬದಿಗೆ ಎಪಾಕ್ಸಿ ಬಳಿಯಿರಿ. ಇಲ್ಲದಿದ್ದರೆ ಪೆಟ್ರೋಲ್ ತಗುಲಿ ಮರ ಎಣ್ಣೆ ಕುಡಿಯುತ್ತದೆ. ಕೌಲ್‌ಗೆ ಎರಡು ಬಾಯಿಗಳಿದ್ದು ಒಂದರ ಹಿಂದೆ ಸಿಲಿಂಡರ್ ಇಲ್ಲದಿದ್ದರೆ ಆ ಬಾಯಿಯನ್ನು ಒಳಗಿನಿಂದ ಮುಚ್ಚಿಬಿಡಿ. ಗಾಳಿ ಬರಲಿ ಅಂತ ಅದನ್ನು ಬಿಡುವವರೇ ಜಾಸ್ತಿ. ಆದರೆ ಅಲ್ಲಿಂದ ನುಗ್ಗಿದ ಗಾಳಿ ಹೊರಹೋಗುವ ದಾರಿಯನ್ನು ತುಂಬಿಕೊಂಡು, ಸಿಲಿಂಡರ್ ದಾಟಿ ಬರುವ ಗಾಳಿಯನ್ನೇ ತಡೆಯುತ್ತದೆ.

ಇದೆಲ್ಲ ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ. ಕೌಲ್ ತೆಗೆದು ಹಾರಿಸಿ. ಕೌಲ್‌ನ ತೂಕ ಹೋದರೆ ಗುರುತ್ವ ಕೇಂದ್ರ ಹಿಂದಕ್ಕೆ ಸರಿಯುತ್ತದೆ, ಆದ್ದರಿಂದ ಅಷ್ಟೇ ತೂಕದ ಸೀಸವನ್ನು ಫೈರ್‌ವಾಲ್ (ಎಂಜಿನ್ ಕೂರಿಸಿದ ಗೋಡೆ) ಹತ್ತಿರ ಗಟ್ಟಿಯಾಗಿ ಕಟ್ಟಿ. ಕೌಲ್ ಫೈರ್‌ವಾಲ್‌ಗಿಂತ ಮುಂದಿರುತ್ತದೆ, ಅದಕ್ಕೆ ಕಟ್ಟಿದ ಮೇಲೆ ಬ್ಯಾಲೆನ್ಸ್ ಮಾಡಿ ನೋಡಿ, ಬೇಕಾದರೆ ಸ್ವಲ್ಪ ಸೇರಿಸಿ. ಏಳೆಂಟು ನಿಮಿಷ ಹಾರಿಯೂ ಏನೂ ಆಗದಿದ್ದರೆ ತಪ್ಪು ಕೌಲ್‌ದೇ. ಇಳಿದ ಕೂಡಲೇ ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ಸಿಲಿಂಡರ್ ತಲೆಯ ಬಿಸಿ ನೋಡಿ ಬರೆದಿಡಿ. ಆಮೇಲೆ ಬ್ಯಾಫಲ್ ಹಾಕಿದ ಕೌಲ್‌ನೊಂದಿಗೆ ಹಾರಿಸಿ ಅದೇ ಜಾಗದಲ್ಲಿ ಮತ್ತೆ ನೋಡಿ. ಎರಡೂ ಹತ್ತಿರ ಹತ್ತಿರ ಇದ್ದರೆ ಗೆದ್ದಿರಿ.

ಕೌಲ್‌ಗೆ ಸಂಬಂಧಪಟ್ಟ ಇನ್ನೊಂದು ಕಳ್ಳ ಇದ್ದಾನೆ, ಅವನು ಕಾರ್ಬುರೇಟರ್‌ನಲ್ಲಿ ಅಡಗಿರುತ್ತಾನೆ. ಇಂಥ ಎಂಜಿನ್‌ಗಳಿಗೆ ಬರುವುದು ವಾಲ್‌ಬ್ರೋ ಅಥವಾ ಅದೇ ಮಾದರಿಯ ಡಯಾಫ್ರಮ್ ಕಾರ್ಬ್. ನಿಮ್ಮ ಕಡೆ ಅಡಿಕೆ ತೋಟದಲ್ಲಿ ಹುಲ್ಲು ಕೊಚ್ಚುವ ಯಂತ್ರದಲ್ಲಿ ಇರುವುದೂ ಇದೇ ಜಾತಿಯದು. ತಲೆಕೆಳಗೆ ಮಾಡಿದರೂ ನಡೆಯುತ್ತದೆ, ಅದಕ್ಕೇ ಮಾದರಿ ವಿಮಾನಕ್ಕೆ ಸರಿಹೊಂದಿತು. ಕಾರ್ಬ್‌ನ ಒಂದು ಬದಿಯಲ್ಲಿ ಒಂದೇ ಸ್ಕ್ರೂ ಇರುವ ಮುಚ್ಚಳ, ಅದು ಪಂಪ್. ಕ್ರ್ಯಾಂಕ್‌ಕೇಸ್‌ನ ಒತ್ತಡದ ಏರಿಳಿತದಿಂದ ಅದು ಪೆಟ್ರೋಲ್ ಎಳೆಯುತ್ತದೆ. ಇನ್ನೊಂದು ಬದಿಯಲ್ಲಿ ನಾಲ್ಕು ಸ್ಕ್ರೂಗಳ ತಗಡಿನ ಮುಚ್ಚಳ. ಅದರ ನಡುವೆ ಗುಂಡುಸೂಜಿ ತಲೆಯಷ್ಟು ಒಂದು ತೂತು ಕಾಣುತ್ತದೆ. ಆ ತೂತಿನ ಹಿಂದೆ ತೆಳುವಾದ ರಬ್ಬರ್ ಪರದೆ. ಹೊರಗಿನ ಗಾಳಿಯ ಒತ್ತಡವನ್ನು ಈ ಪರದೆ ಆ ತೂತಿನ ಮೂಲಕವೇ ಅಳೆದು, ಎಷ್ಟು ಪೆಟ್ರೋಲ್ ಬಿಡಬೇಕು ಅಂತ ತೀರ್ಮಾನ ಮಾಡುತ್ತದೆ.

ಈಗ ಯೋಚಿಸಿ. ಕೌಲ್ ಒಳಗೆ ಗಾಳಿ ನುಗ್ಗಿ ಸುಳಿ ಸುತ್ತುತ್ತಿದ್ದರೆ ಆ ತೂತಿಗೆ ಸಿಗುವ ಒತ್ತಡ ಕ್ಷಣಕ್ಕೊಂದು ಥರ. ಕಾರ್ಬ್‌ನ ಬಾಯಿ ಫ್ಯೂಸಲಾಜ್ (ವಿಮಾನದ ಒಡಲು) ಒಳಗಿನ ಶಾಂತ ಗಾಳಿ ಕುಡಿಯುತ್ತಾ, ಈ ತೂತು ಕೌಲ್‌ನ ಗಾಳಿ ನೋಡುತ್ತಿದ್ದರಂತೂ ಎರಡರ ಲೆಕ್ಕ ಹೊಂದುವುದೇ ಇಲ್ಲ. ಗಾಳಿ-ಪೆಟ್ರೋಲ್ ಮಿಕ್ಸ್ಚರ್ ಒಮ್ಮೆ ರಿಚ್ (ಪೆಟ್ರೋಲ್ ಜಾಸ್ತಿ), ಒಮ್ಮೆ ಲೀನ್. ಇದರ ಗುರುತು ಏನೆಂದರೆ, ಡೈವ್ ಮಾಡಿದಾಗ ಅಥವಾ ವೇಗ ಹೆಚ್ಚಾದಾಗ ಸದ್ದು ತಕ್ಷಣ ಬದಲಾಗುತ್ತದೆ. ಬಿಸಿಯ ತೊಂದರೆಗೆ ನಿಮಿಷಗಳು ಬೇಕು, ಇದಕ್ಕೆ ಬೇಡ. ಪರಿಹಾರ ಕಷ್ಟವಿಲ್ಲ. ನಾಲ್ಕು ಸ್ಕ್ರೂ ಬಿಚ್ಚಿ ತಗಡನ್ನು ಮಾತ್ರ ಹೊರಗೆ ತೆಗೆಯಿರಿ, ತೂತಿನ ಮೇಲೆ ಸಣ್ಣ ಹಿತ್ತಾಳೆ ಕೊಳವೆ ಬೆಸುಗೆ ಹಾಕಿ, ತೂತು ಮುಚ್ಚಿಹೋಗಿಲ್ಲ ಅಂತ ಊದಿ ನೋಡಿ. ಮತ್ತೆ ಜೋಡಿಸಿ, ಕೊಳವೆಗೆ ಒಂದು ಪೈಪ್ ಸಿಕ್ಕಿಸಿ ಫೈರ್‌ವಾಲ್ ದಾಟಿಸಿ ಫ್ಯೂಸಲಾಜ್ ಒಳಗೆ ಬಿಡಿ. ಬಿಗಿಯಾದ ಕೌಲ್ ಇರುವ ಯಾವ ವಿಮಾನಕ್ಕಾದರೂ ನಾನು ಇದನ್ನು ಮೊದಲೇ ಮಾಡಿಬಿಡಿ ಅನ್ನುತ್ತೇನೆ, ತೊಂದರೆ ಬರುವ ತನಕ ಕಾಯಬೇಕಿಲ್ಲ.

ಇನ್ನು ಪೆಟ್ರೋಲ್ ದಾರಿ. ನೀವು ಗ್ಲೋ ವಿಮಾನದಲ್ಲಿದ್ದ ಟ್ಯಾಂಕನ್ನೇ ಬಳಸಿದ್ದೀರಾ? ಹಾಗಾದರೆ ಇವತ್ತೇ ಬಿಚ್ಚಿ. ಸಿಲಿಕೋನ್ ಪೈಪ್ ಮೆಥನಾಲ್‌ಗೆ ಸರಿ, ಪೆಟ್ರೋಲ್‌ಗೆ ಅಲ್ಲ. ಪೆಟ್ರೋಲ್ ತಗುಲಿದರೆ ಊದಿಕೊಂಡು ಮೆತ್ತಗಾಗಿ ಕೊಳವೆಯಿಂದ ಜಾರಿಬಿಡುತ್ತದೆ. ಟ್ಯಾಂಕ್‌ನ ಬಿರಡೆಯೂ ಪೆಟ್ರೋಲ್‌ಗೆಂದೇ ಮಾಡಿದ್ದಾಗಿರಬೇಕು. ಹೊರಗಿನ ಪೈಪ್‌ಗೆ ಹಳದಿ ಟೈಗಾನ್ ಅಥವಾ ವೈಟನ್ ಹಾಕಿ. ಟ್ಯಾಂಕ್ ಒಳಗಿನ ಪೈಪ್‌ಗೆ ವೈಟನ್ ಮೇಲು. ಟೈಗಾನ್ ಕಾಲ ಕಳೆದಂತೆ ಗಟ್ಟಿಯಾಗುತ್ತದೆ. ಗಟ್ಟಿಯಾದ ಪೈಪ್ ತುದಿಯ ಕ್ಲಂಕ್ ಬಾಗುವುದಿಲ್ಲ, ವಿಮಾನದ ಮೂಗು ಕೆಳಗಾದಾಗ ಪೆಟ್ರೋಲ್ ಮುಂದೆ, ಕ್ಲಂಕ್ ಹಿಂದೆ. ಪ್ರತಿ ವರ್ಷ ಆ ಪೈಪ್ ಬದಲಿಸಿ, ದುಡ್ಡು ಹೆಚ್ಚೇನೂ ಆಗುವುದಿಲ್ಲ. ಲೋಹದ ಕೊಳವೆ ತುದಿಗೆ ಪೈಪ್ ಹಾಕಿದ ಕಡೆಯೆಲ್ಲ ಒಂದು ಸಣ್ಣ ಉಬ್ಬು ಇರಬೇಕು, ಮೇಲೆ ತಂತಿ ಅಥವಾ ಜಿಪ್ ಟೈ. ಗಾಳಿ ನುಸುಳುವ ಜಾಗ ಪೆಟ್ರೋಲ್ ಸೋರುವ ಜಾಗವಾಗಿಯೇ ಕಾಣಬೇಕೆಂದಿಲ್ಲ. ಪಂಪ್ ಎಳೆಯುವ ಬದಿಯಲ್ಲಿ ಗಾಳಿ ಒಳಗೆ ಹೋಗುತ್ತದೆ, ಹನಿಯೂ ಹೊರಗೆ ಬರುವುದಿಲ್ಲ. ಅದಕ್ಕೇ ಕಾರ್ಬ್‌ಗೆ ಹೋಗುವ ಪೈಪ್ ಪಾರದರ್ಶಕವಾಗಿರಬೇಕು, ಎಂಜಿನ್ ಓಡುವಾಗ ಗುಳ್ಳೆ ಕಂಡರೆ ಗೊತ್ತಾಗುತ್ತದೆ. ಈ ಪೈಪ್ ಮಫ್ಲರ್ ಹತ್ತಿರ ಸುಳಿಯಬಾರದು. ವೆಂಟ್ ಪೈಪ್‌ನ ತುದಿ ಸೋರದಂತೆ ಟ್ಯಾಂಕ್ ಮೇಲಿಂದ ಒಂದು ಸುತ್ತು ಹಾಕಿಸಿ ಕೆಳಗೆ ಇಳಿಸಿ. ಅದನ್ನು ಮುಚ್ಚಿಟ್ಟು ಮರೆತರೆ ಟ್ಯಾಂಕ್‌ನಲ್ಲಿ ನಿರ್ವಾತವಾಗಿ ಎಂಜಿನ್ ನಿಲ್ಲುತ್ತದೆ.

ಬೆಂಗಳೂರಿನ ವಿಷಯಕ್ಕೆ ಬರೋಣ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟಕ್ಕಿಂತ ಶೇಕಡಾ 8ರ ಆಸುಪಾಸು ಕಡಿಮೆ. ಆ ತೆಳು ಗಾಳಿಗೆ ಸರಿಯಾಗಿ ಸೆಟ್ ಮಾಡಿದ ಸೂಜಿ ಉಡುಪಿಗೆ ಬಂದಾಗ ಎಂಜಿನ್ ಒಳಗೆ ಜಾಸ್ತಿ ಗಾಳಿ ಹೋಗುತ್ತದೆ, ಪೆಟ್ರೋಲ್ ಅದಕ್ಕೆ ತಕ್ಕಷ್ಟು ಏರುವುದಿಲ್ಲ. ಹಾಗಾಗಿ ಮಿಕ್ಸ್ಚರ್ ಲೀನ್. ಲೀನ್ ಆದ ಎಂಜಿನ್ ಬಿಸಿಯಾಗುತ್ತದೆ, ಥ್ರಾಟಲ್ ಒಮ್ಮೆಲೇ ಕೊಟ್ಟರೆ ತಡವರಿಸುತ್ತದೆ. ನಿಮ್ಮ ಎರಡೂ ದೂರುಗಳು ಇಲ್ಲಿ ಸೇರುತ್ತವೆ. ಬೆಂಗಳೂರಿನಲ್ಲೇ ಇದ್ದಿದ್ದರೆ ಆ ಕೌಲ್‌ನೊಳಗೂ ಎಂಜಿನ್ ಹೇಗೋ ಸುಧಾರಿಸಿಕೊಂಡು ಹೋಗುತ್ತಿತ್ತೇನೋ.

ಅದರ ಜೊತೆ ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇದರ ಬಿಡುಗಡೆ ಆಗಿದ್ದು, ಈಗ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು, ಎಥನಾಲ್‌ಗೆ 9 ಕೆ.ಜಿ. ಸಾಕು. ಹಾಗಾಗಿ ಅಷ್ಟೇ ಗಾಳಿಗೆ ಇ20 ಸ್ವಲ್ಪ ಜಾಸ್ತಿ ಬೇಕು. ಎಥನಾಲ್ ಇಲ್ಲದ ಪೆಟ್ರೋಲ್‌ಗೆ ಬಿಗಿ ಮಾಡಿದ್ದ ಸೂಜಿ ಇದಕ್ಕೆ ಲೀನ್ ಆಗುತ್ತದೆ. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ, ಕರಾವಳಿಯಲ್ಲಿ ಅದಕ್ಕೇನು ಕೊರತೆ? ನೀರು ಜಾಸ್ತಿಯಾದರೆ ಎಥನಾಲ್ ಮತ್ತು ನೀರು ಬೇರೆಯಾಗಿ ಡಬ್ಬಿಯ ತಳಕ್ಕೆ ಕೂರುತ್ತವೆ. ಅದಕ್ಕೇ ಒಂದೆರಡು ವಾರಕ್ಕೆ ಬೇಕಾದಷ್ಟೇ ತನ್ನಿ, ಬಿಗಿ ಮುಚ್ಚಳದ ಲೋಹದ ಕ್ಯಾನ್‌ನಲ್ಲಿ. ಮಳೆಗಾಲದಲ್ಲಿ ಉಳಿದದ್ದನ್ನು ಇಟ್ಟುಕೊಳ್ಳಬೇಡಿ, ಬೈಕ್‌ಗೂ ಹಾಕಬೇಡಿ, ಅದರಲ್ಲಿ 2ಟಿ ಆಯಿಲ್ ಇರುತ್ತದೆ. ಹುಲ್ಲು ಕೊಚ್ಚುವ ಟೂ-ಸ್ಟ್ರೋಕ್ ಯಂತ್ರ ಇರುವ ಪಕ್ಕದ ಮನೆಯವರಿಗೆ ಕೊಟ್ಟರೆ ಉಪಯೋಗವಾದೀತು.

ಈ ಪೆಟ್ರೋಲ್ ತಿಂಗಳುಗಟ್ಟಲೆ ಒಳಗೇ ನಿಂತಿದ್ದರೆ ಕಾರ್ಬ್‌ನ ರಬ್ಬರ್ ಪರದೆ ಬಿರುಸಾಗುತ್ತದೆ. ನೀವು ತಗೊಂಡದ್ದು ಬಳಸಿದ ಎಂಜಿನ್, ಎಷ್ಟು ದಿನ ಸುಮ್ನೆ ಬಿದ್ದಿತ್ತೋ ಏನೋ. ತಗಡು ಬಿಚ್ಚಿದಾಗ ಪರದೆಯನ್ನು ಬೆಳಕಿಗೆ ಹಿಡಿದು ನೋಡಿ. ಮೆತ್ತಗೆ ಬಾಗಬೇಕು. ಮುಟ್ಟಿದರೆ ಸದ್ದು ಮಾಡುವಷ್ಟು ಒಣಗಿದ್ದರೆ, ಸುಕ್ಕಾಗಿದ್ದರೆ ಬದಲಿಸಿ. ಅದರ ಕಿಟ್ ಸಿಗುತ್ತದೆ, ಕಾರ್ಬ್‌ನ ಮೇಲೆ ಬರೆದಿರುವ ಮಾದರಿ ನೋಡಿಕೊಂಡು ತರಿಸಿ. ಹುಲ್ಲು ಕೊಚ್ಚುವ ಯಂತ್ರ ರಿಪೇರಿ ಮಾಡುವ ಮೆಕ್ಯಾನಿಕ್ ಹತ್ತಿರ ಹೋದರೆ ಪರದೆ, ಗ್ಯಾಸ್ಕೆಟ್ ಯಾವುದರ ಮೇಲೆ ಯಾವುದು ಅಂತ ಕಣ್ಣು ಮುಚ್ಚಿ ಜೋಡಿಸಿ ತೋರಿಸುತ್ತಾರೆ. ಒಂದು ಸ್ಕ್ರೂನ ಮುಚ್ಚಳದ ಕೆಳಗೆ ಸಣ್ಣ ಜಾಲರಿ ಇದೆ, ಅದರಲ್ಲಿ ಕಸ ಇದೆಯಾ ಅಂತಲೂ ನೋಡಿಬಿಡಿ.

ಇಗ್ನಿಷನ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ನಿಮ್ಮ ತೊಂದರೆ ಅಲ್ಲಿಲ್ಲ. ಅದಕ್ಕೆ ಬೇರೆ ಬ್ಯಾಟರಿ, ಬೇರೆ ಸ್ವಿಚ್. ಇಗ್ನಿಷನ್ ಮಾಡ್ಯೂಲ್ (ಕಿಡಿ ಹುಟ್ಟಿಸುವ ಪೆಟ್ಟಿಗೆ) ಮೇಲೆ ಬರೆದಿರುವ ವೋಲ್ಟೇಜ್ ಮೀರಬೇಡಿ. ಹಳೆಯವು ಕೆಲವು 6 ವೋಲ್ಟ್ ಮಾತ್ರ ತಡೆಯುತ್ತವೆ, ಎರಡು ಸೆಲ್‌ನ ಲಿಪೋ ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್ ಇರುತ್ತದೆ. ಪ್ಲಗ್ ಗ್ಯಾಪ್ 0.45–0.5 ಮಿಲಿಮೀಟರ್. ಕ್ಯಾಪ್ ಪ್ಲಗ್‌ನ ಷಟ್ಕೋನದ ಮೇಲೆ ಗಟ್ಟಿಯಾಗಿ ಕೂರಬೇಕು. ಪ್ಲಗ್ ಇಲ್ಲದೆ, ಅಥವಾ ಪ್ಲಗ್ ಎಂಜಿನ್‌ಗೆ ತಾಗದೆ ಇರುವಾಗ ಇಗ್ನಿಷನ್ ಆನ್ ಮಾಡಿ ಪ್ರಾಪ್ ತಿರುವಬೇಡಿ, ಮಾಡ್ಯೂಲ್ ಸುಟ್ಟುಹೋಗಬಹುದು. ರಿಸೀವರ್ ಮತ್ತು ಇಗ್ನಿಷನ್ ಸಾಮಾನುಗಳ ನಡುವೆ 30 ಸೆಂಟಿಮೀಟರ್ ಅಂತರ ಇರಲಿ. 2.4 ಗಿಗಾಹರ್ಟ್ಸ್ ರೇಡಿಯೋ ಬಂದ ಮೇಲೆ ಇಗ್ನಿಷನ್ ಗದ್ದಲದ ಕಾಟ ಬಹಳ ಕಡಿಮೆಯಾಗಿದೆ, ಆದರೂ ಎಂಜಿನ್ ನಿಂತಾಗ ಒಮ್ಮೆ, ಓಡುವಾಗ ಒಮ್ಮೆ ರೇಂಜ್ ಪರೀಕ್ಷೆ ಮಾಡಿ. ಎರಡೂ ಒಂದೇ ಬರಬೇಕು.

ಥ್ರಾಟಲ್ ರಾಡ್ ಲೋಹದ್ದು ಬೇಡ, ನೈಲಾನ್ ಅಥವಾ ಕಾರ್ಬನ್ ಇರಲಿ, ತುದಿಗೆ ಪ್ಲಾಸ್ಟಿಕ್ ಬಾಲ್ ಲಿಂಕ್. ಇನ್ನೊಂದು ವಿಷಯ ಗ್ಲೋದವರಿಗೆ ಹೊಸದು: ಇಲ್ಲಿ ಗಾಳಿ ಬಿಡುವುದು ಚಿಟ್ಟೆ ಕವಾಟ. ಅದು ಅರ್ಧ ತೆರೆಯುವಷ್ಟರಲ್ಲಿ ಶಕ್ತಿಯ ಬಹುಪಾಲು ಬಂದುಬಿಡುತ್ತದೆ, ಉಳಿದರ್ಧದಲ್ಲಿ ಹೆಚ್ಚೇನೂ ಜಾಸ್ತಿಯಾಗುವುದಿಲ್ಲ. ಟ್ರಾನ್ಸ್‌ಮಿಟರ್‌ನಲ್ಲಿ ಥ್ರಾಟಲ್ ಕರ್ವ್ ಹಾಕಿ ಮೊದಲರ್ಧವನ್ನು ಮೆಲ್ಲಗೆ ಮಾಡಿ. ಲ್ಯಾಂಡಿಂಗ್‌ಗೆ ಬರುವಾಗ ಇದರ ಬೆಲೆ ಗೊತ್ತಾಗುತ್ತದೆ. ಸಿಗ್ನಲ್ ಹೋದರೆ ಥ್ರಾಟಲ್ ಐಡಲ್‌ಗೆ ಬರುವಂತೆ ಫೇಲ್‌ಸೇಫ್ ಇಡಿ, ಮತ್ತು ಟ್ರಾನ್ಸ್‌ಮಿಟರ್‌ನಿಂದಲೇ ಕಿಡಿ ನಿಲ್ಲಿಸುವ ಆಪ್ಟಿಕಲ್ ಕಿಲ್ ಸ್ವಿಚ್ ಹಾಕಿ. 18 ಇಂಚಿನ ಪ್ರಾಪ್ ತಿರುಗುವ ಎಂಜಿನ್‌ಗೆ ಇವು ಬೇಕಿದ್ದರೆ ಹಾಕುವ ಸಾಮಾನಲ್ಲ. ನಾನು ಇವಿಲ್ಲದ ವಿಮಾನದ ಹತ್ತಿರ ನಿಲ್ಲುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಸೂಜಿ. ವಿಮಾನದ ಬಾಲವನ್ನು ಗಟ್ಟಿ ಗೂಟಕ್ಕೆ ಕಟ್ಟಿ, ಇನ್ನೊಬ್ಬರು ಹಿಡಿದಿರಲಿ. ಪ್ರಾಪ್ ತಿರುಗುವ ಸಮತಲದಲ್ಲಿ ಯಾರೂ ನಿಲ್ಲಬಾರದು, ಸೂಜಿ ತಿರುಗಿಸುವುದು ಪ್ರಾಪ್‌ನ ಹಿಂದೆ ನಿಂತು. ಕಾರ್ಬ್ ಮೇಲೆ ಎಲ್ (ಕಡಿಮೆ ವೇಗಕ್ಕೆ) ಮತ್ತು ಎಚ್ (ಹೆಚ್ಚು ವೇಗಕ್ಕೆ) ಅಂತ ಎರಡು ಸೂಜಿಗಳಿವೆ. ಎರಡನ್ನೂ ಮೆಲ್ಲಗೆ ಪೂರ್ತಿ ಒಳಗೆ ಹಾಕಿ, ಒತ್ತಿ ಬಿಗಿಯಬೇಡಿ, ತುದಿ ಹಾಳಾಗುತ್ತದೆ. ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತೆಗೆಯಿರಿ. ಇದು ಶುರು ಮಾಡಲು ಅಷ್ಟೇ. ಚೋಕ್ ಮುಚ್ಚಿ, ಇಗ್ನಿಷನ್ ಆನ್ ಮಾಡಿ, ದಪ್ಪ ಗ್ಲೌಸ್ ಹಾಕಿ ಪ್ರಾಪ್ ತಿರುವಿ. ಒಮ್ಮೆ ‘ಪಟ್’ ಅಂದ ಮೇಲೆ ಚೋಕ್ ತೆರೆದು ಮತ್ತೆ ತಿರುವಿ. ಸ್ಟಾರ್ಟ್ ಆದ ಮೇಲೆ ಬಿಸಿಯಾಗಲು ಎರಡು ನಿಮಿಷ ಬಿಡಿ. ತಣ್ಣನೆ ಎಂಜಿನ್‌ನಲ್ಲಿ ಮಾಡಿದ ಸೆಟ್ಟಿಂಗ್ ಸುಳ್ಳು.

ಫುಲ್ ಥ್ರಾಟಲ್ ಕೊಟ್ಟು ಎಚ್ ಸೂಜಿಯನ್ನು ಸುತ್ತಿನ ಎಂಟನೇ ಒಂದರಷ್ಟು ಒಳಗೆ ತಿರುಗಿಸುತ್ತಾ ಹೋಗಿ, ಪ್ರತಿ ಸಲ ಕೆಲವು ಸೆಕೆಂಡ್ ಕಾಯಿರಿ. ಆರ್‌ಪಿಎಂ ಏರುವುದು ನಿಂತಲ್ಲಿ ನಿಲ್ಲಿಸಿ, ಅಲ್ಲಿಂದ 200 ಆರ್‌ಪಿಎಂ ಇಳಿಯುವಷ್ಟು ಹೊರಗೆ ತೆಗೆಯಿರಿ. ಕರಾವಳಿಯ ಸೆಕೆಗೆ, ಕೌಲ್ ಇರುವ ಎಂಜಿನ್‌ಗೆ ನಾನು ಇನ್ನೂ ಸ್ವಲ್ಪ ರಿಚ್ ಕಡೆಗೇ ಬಿಡುತ್ತೇನೆ. ಆರ್‌ಪಿಎಂ ಅಳೆಯುವ ಟ್ಯಾಕೋಮೀಟರ್ ಬಳಸುವುದು ಬಿಸಿಲಲ್ಲಿ. ಟ್ಯೂಬ್‌ಲೈಟ್ ಕೆಳಗೆ ಅದು ದೀಪದ ಮಿಣುಕನ್ನೇ ಎಣಿಸಿ, ಎರಡು ಎಲೆಯ ಪ್ರಾಪ್‌ಗೆ 3000 ಅಂತ ತೋರಿಸಿಬಿಡುತ್ತದೆ.

ಆಮೇಲೆ ಐಡಲ್‌ಗೆ ತಂದು ಎಲ್ ಸೂಜಿ. ಅರ್ಧ ನಿಮಿಷ ಐಡಲ್‌ನಲ್ಲಿ ಬಿಟ್ಟು ಥ್ರಾಟಲ್ ಒಮ್ಮೆಲೇ ಕೊಡಿ. ಏಳದೆ ‘ಬ್ವಾ’ ಅಂತ ತಗ್ಗಿ ನಿಂತರೆ ಅಥವಾ ತಡವರಿಸಿದರೆ ಲೀನ್, ಸ್ವಲ್ಪ ಹೊರಗೆ ತೆಗೆಯಿರಿ. ಐಡಲ್‌ನಲ್ಲೇ ಗುಡುಗುಡು ಅನ್ನುತ್ತಾ, ಥ್ರಾಟಲ್ ಕೊಟ್ಟಾಗ ಹೊಗೆ ಉಗುಳಿ ಆಮೇಲೆ ಎದ್ದರೆ ರಿಚ್, ಒಳಗೆ ಹಾಕಿ. ಇಲ್ಲಿ ಹದಿನಾರನೇ ಒಂದು ಸುತ್ತೂ ವ್ಯತ್ಯಾಸ ಮಾಡುತ್ತದೆ. ಈ ಕಾರ್ಬ್‌ನಲ್ಲಿ ಫುಲ್ ಥ್ರಾಟಲ್‌ಗೂ ಎಲ್ ಸೂಜಿಯಿಂದ ಸ್ವಲ್ಪ ಪೆಟ್ರೋಲ್ ಹೋಗುತ್ತಲೇ ಇರುತ್ತದೆ. ಆದ್ದರಿಂದ ಎಲ್ ಬದಲಿಸಿದ ಮೇಲೆ ಎಚ್ ಅನ್ನು ಮತ್ತೆ ನೋಡಲೇಬೇಕು. ಸರಿಯಾದ ಮೇಲೆ ಎಷ್ಟು ಸುತ್ತು ಅಂತ ಎಣಿಸಿ ಬರೆದಿಟ್ಟುಕೊಳ್ಳಿ.

ಆಯಿಲ್: ಬಂಕ್‌ನ ಲೂಸ್ 2ಟಿ ಆಯಿಲ್ ಬೇಡ. ಅದು ಹಳೆಯ ಸ್ಕೂಟರ್, ಆಟೋಗಳ ಲೆಕ್ಕದ್ದು. ನಿಮಗೆ ಬೇಕಾದದ್ದು ಏರ್-ಕೂಲ್ಡ್ ಟೂ-ಸ್ಟ್ರೋಕ್‌ಗೆ ಮಾಡಿದ, ಡಬ್ಬಿಯ ಮೇಲೆ ಜಾಸೋ ಎಫ್‌ಡಿ (JASO FD, ಟೂ-ಸ್ಟ್ರೋಕ್ ಆಯಿಲ್‌ನ ಒಂದು ಗುಣಮಟ್ಟದ ದರ್ಜೆ) ಅಂತ ಬರೆದಿರುವ ಆಯಿಲ್. ಮಲ್ಪೆ ಬಂದರಿನ ಕಡೆ ದೋಣಿ ಎಂಜಿನ್‌ನ ಟೂ-ಸ್ಟ್ರೋಕ್ ಆಯಿಲ್ ಸುಲಭವಾಗಿ ಸಿಗುತ್ತದೆ, ಅದನ್ನೂ ಹಾಕಬೇಡಿ. ನೀರಿನಿಂದ ತಣ್ಣಗಾಗುವ ಎಂಜಿನ್‌ಗೆ ಮಾಡಿದ್ದು ಅದು, ಈ ಬಿಸಿಗೆ ತಡೆಯುವುದಿಲ್ಲ. ಪ್ರಮಾಣ ನಿಮ್ಮ ಎಂಜಿನ್‌ನ ಕೈಪಿಡಿಯಲ್ಲಿ ಇರುವಷ್ಟೇ. ಡಿಎಲ್‌ಇ-30ಯಂಥ 30 ಸಿಸಿ ಎಂಜಿನ್‌ಗಳಿಗೆ 30:1, ಅಂದರೆ ಲೀಟರ್ ಪೆಟ್ರೋಲ್‌ಗೆ 33 ಮಿಲಿ. ಬಿಸಿಯಾಗುತ್ತಿದೆ ಅಂತ ಇದಕ್ಕಿಂತ ಜಾಸ್ತಿ ಆಯಿಲ್ ಸುರಿಯಬೇಡಿ. ಅಷ್ಟೇ ಜಾಗದಲ್ಲಿ ಆಯಿಲ್ ಹೆಚ್ಚಾದರೆ ಪೆಟ್ರೋಲ್ ಕಡಿಮೆಯಾಗಿ ಮಿಕ್ಸ್ಚರ್ ಇನ್ನೂ ಲೀನ್ ಆಗುತ್ತದೆ.

ಹಾರಿಸುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ವಾಯುಪ್ರದೇಶ ನಕ್ಷೆಯಲ್ಲಿ ನಿಮ್ಮ ಗದ್ದೆ ಯಾವ ವಲಯದಲ್ಲಿದೆ ಅಂತ ನೋಡಿಕೊಳ್ಳಿ. ಮೊದಲ ಹಾರಾಟದಲ್ಲಿ ಎತ್ತರದಲ್ಲಿ, ಇಳಿಯುವ ಜಾಗದ ಮೇಲೆಯೇ ಸುತ್ತು ಹಾಕಿ. ಮೂರು ನಿಮಿಷಕ್ಕೆ ಇಳಿಸಿ, ಬಿಸಿ ಅಳೆಯಿರಿ. ಎಂಜಿನ್ ಆರಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ತುದಿ ತಿಳಿ ಕಂದು ಇದ್ದರೆ ಸರಿ. ಬೆಳ್ಳಗಿದ್ದರೆ ಇನ್ನೂ ಲೀನ್ ಅಥವಾ ಬಿಸಿ, ಎಚ್ ಸೂಜಿ ಎಂಟನೇ ಒಂದು ಸುತ್ತು ಹೊರಗೆ ತೆಗೆದು ಮತ್ತೆ ಹಾರಿಸಿ. ಕಪ್ಪಾಗಿ ಒದ್ದೆಯಾಗಿದ್ದರೆ ರಿಚ್, ಅದರಿಂದ ಎಂಜಿನ್ ಕೆಡುವುದಿಲ್ಲ, ಅವಸರ ಬೇಡ. ಐದು ನಿಮಿಷ, ಎಂಟು ನಿಮಿಷ ಅಂತ ಮೆಲ್ಲಗೆ ಹೆಚ್ಚಿಸಿ. ದಿನದ ಕೊನೆಗೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್‌ನಲ್ಲಿ ಉಳಿದದ್ದು ಮುಗಿಯುವ ತನಕ ಐಡಲ್‌ನಲ್ಲಿ ಓಡಿಸಿ ನಿಲ್ಲಿಸಿ. ಬ್ಯಾಫಲ್ ಹಾಕಿದ ಮೇಲೂ ಅದೇ ಮೂರ್ನಾಲ್ಕು ನಿಮಿಷಕ್ಕೆ ನಿಂತರೆ ಕೌಲ್ ಒಳಗಿನ ಫೋಟೋ, ಪ್ಲಗ್‌ನ ಫೋಟೋ, ಎರಡು ಸೂಜಿಗಳ ಸುತ್ತಿನ ಲೆಕ್ಕ ಮೂರನ್ನೂ ಕಳಿಸಿ, ನೋಡಿ ಹೇಳುತ್ತೇನೆ.